ಎದುರಿನ ಕುರ್ಚಿ

“ಇಲ್ಲಿ ಯಾರಾದ್ರೂ ಬತ್ತಾರಾ?” ಎಂದು ಹೆಂಗಸೊಬ್ಬಳು ಎದುರಿನ ಕುರ್ಚಿ ಹಿಡಿದು ಕೇಳಿದಾಗ ಮುನಿರತ್ನಮ್ಮನ ಮುಖ ಅರಳಿತು. “ಯಾರೂ ಇಲ್ಲ, ಕೂತ್ಕಳಿ” ಎನ್ನುತ್ತ ಮೇಜಿನ ಮೇಲಿದ್ದ ತೆಂಗಿನ ನೀರಾದ ಲೋಟವನ್ನು ತನ್ನತ್ತ ಎಳೆದುಕೊಂಡು ಜಾಗ ಮಾಡಿದಳು.

ಮುನಿರತ್ನಮ್ಮ ತಿಪ್ಪಸಂದ್ರದಿಂದ ರಾಮನಗರದ ಅಂಚೆ ಕಚೇರಿಗೆ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಭಾನುವಾರ ಬಂತೆಂದರೆ ಅವಳು ಮಾತಾಡುತ್ತಿದ್ದುದು ಹಾಲಿನವನ ಜೊತೆ ಮಾತ್ರ. ಹೊಸ ರೆಸ್ಟೋರೆಂಟಿನಲ್ಲಿ ನೀರಾ, ಪಾನಕಗಳ ರುಚಿ ತೋರಿಸುತ್ತಾರೆಂದು ಕೇಳಿ, ನಾಲ್ಕು ಜನ ಸಿಕ್ಕಾರೆಂದೇ ಒಳ್ಳೆಯ ಸೀರೆಯುಟ್ಟು ಬಂದಿದ್ದಳು.

ಹೆಂಗಸು ಕೂರಲಿಲ್ಲ. ಕುರ್ಚಿಯನ್ನು ಎತ್ತಿಕೊಂಡು, ನಗುತ್ತಿದ್ದ ತನ್ನವರ ಮೇಜಿಗೆ ಹೋದಳು. ಮುನಿರತ್ನಮ್ಮ ಖಾಲಿಯಾದ ಜಾಗವನ್ನೇ ನೋಡುತ್ತ ಕೂತಳು. ಆಮೇಲೆ ಲೋಟ ಹಿಡಿದು ಎದ್ದು, ಆ ಮೇಜಿನ ಬಳಿ ಹೋಗಿ ನಿಂತಳು.

“ನಾನೂ ಒಸಿ ನಿಮ್ ಜೊತೆ ಕೂತ್ಕಳ್ಲಾ?”

ನಗು ನಿಂತಿತು. ಆ ಹೆಂಗಸು ಅವಳ ಮುಖ ನೋಡಿದವಳೇ ತಾನು ಕೂತಿದ್ದ ಕುರ್ಚಿಯಿಂದ ಎದ್ದು, ಅದನ್ನು ಅವಳತ್ತ ಸರಿಸಿದಳು.