ಒಳಗಿನ ಟಿವಿ, ಹೊರಗಿನ ಡಬ್ಬಿ

ಸ್ವಪ್ನ ಹಳೇ ಟಿವಿಯನ್ನು ಬಿಡಲೇ ಇಲ್ಲ. ಮೊಳಕಾಲ್ಮೂರು ಕಡೆಯ ಹಟ್ಟಿಯಿಂದ ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ ಟಿವಿ ಅದು. ಚಳ್ಳಕೆರೆಯ ದಾದಾಪೀರ್ ಅಂಗಡಿಯಲ್ಲಿ ಅದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಸ್ಮಾರ್ಟ್ ಟಿವಿ ಒಯ್ಯೋಣವೆಂದು ಅವಳ ಅಪ್ಪ ದೊಡ್ಡೀರಪ್ಪ ಟಗರು ಮಾರಿ ಬಂದಿದ್ದ. ಈಗ ನೋಡಿದರೆ ಮಗಳು ಕೌಂಟರಿನ ಮೇಲಿನ ಕಂಬಳಿ ಗಂಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತುಬಿಟ್ಟಿದ್ದಳು.

“ಇದನ್ನ ಕೊಡಬ್ಯಾಡಪ್ಪ. ಇದಕ್ಕೆ ಸಿಕ್ಕಿಸೋ ಡಬ್ಬಿ ಬರ್ತೈತಲ್ಲ, ಅಂಗೈಯಗಲದ್ದು, ಅದನ್ನ ಕೊಡ್ಸು ಸಾಕು. ಅದರಾಗೂ ನೆಟ್ಟಿನ ಪಾಠ ಎಲ್ಲಾ ಬರ್ತೈತೆ.”

ದೊಡ್ಡೀರಪ್ಪನಿಗೆ ರೇಗಿತು. ಮಗಳು ಸೆಕೆಂಡ್ ಪಿಯುಸಿ, ಸಂಜೆ ಹೊತ್ತು ಲೈವ್ ಬರುವ ಫಿಸಿಕ್ಸ್ ಪಾಠವನ್ನು ಅಣ್ಣನ ಫೋನಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಾಳೆ ಅಂತಲೇ ಅವನು ವೈಫೈ ಹಾಕಿಸಿದ್ದು, ಟಿವಿಗೆ ಹೊರಟಿದ್ದು. “ಹಟ್ಟೀಲಿ ಯಾರೂ ತರದಂಥ ಟಿವಿ ಕೊಡಿಸ್ತೀನಿ ಅಂದ್ರೆ ಇವಳಿಗೆ ಡಬ್ಬಿ ಬೇಕಂತೆ, ಡಬ್ಬಿ! ನನ್ನ ಮರ್ಯಾದೆ ತೆಗೀಬೇಕು ಅಂತಲೇ ಬಂದೀಯೇನೆ?”

“ಬೇಟಿ, ಡಬ್ಬಿ ಅಂದ್ರೆ ಇನ್ನೊಂದು ರಿಮೋಟು, ಇನ್ನೊಂದು ವೈರು, ಸುಮ್ನೆ ರಗಳೆ,” ಎಂದು ದಾದಾಪೀರ್ ನಯವಾಗಿ ಹೇಳಿದ. “ಇದರಲ್ಲಿ ಎಲ್ಲಾ ಒಳಗೇ ಐತೆ.”

“ಒಳಗೇ ಐತಲ್ಲ ಅಂಕಲ್, ಅದೇ ತೊಂದರೆ.”

“ಅಂದ್ರೆ?”

ಸ್ವಪ್ನ ತಲೆ ತಗ್ಗಿಸಿದಳು. ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದ ಅವ್ವ ತಿಪ್ಪೇರುದ್ರಮ್ಮ ಸೆರಗು ಎಳೆದುಕೊಂಡು ರಸ್ತೆ ಕಡೆ ನೋಡತೊಡಗಿದಳು. ಇಬ್ಬರಿಗೂ ಗೊತ್ತಿತ್ತು. ದೊಡ್ಡೀರಪ್ಪನಿಗೇನು ಗೊತ್ತಿರಲಿಲ್ಲವೇ? ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಏನೂ ಗೊತ್ತಿಲ್ಲದವರ ಹಾಗೆ ನಿಲ್ಲೋ ವಿದ್ಯೆಯನ್ನು ಈ ಗಂಡಸರಿಗೆ ಯಾರು ಕಲಿಸುತ್ತಾರೋ!

“ಹೇಳೇ, ಬಾಯಿಗೇನು ಬೀಗ ಹಾಕ್ಕೊಂಡೀಯಾ?” ಎಂದ ಅವನು.

“ಹೇಳ್ತೀನಿ ತಗಾ!” ಸ್ವಪ್ನಳ ದನಿ ಅಂಗಡಿಗೆಲ್ಲ ಕೇಳಿತು. “ಮುಟ್ಟಾದಾಗೆಲ್ಲ ನನ್ನ ಹಿತ್ತಲಾಚೆ ಆ ಶೀಟಿನ ಕೋಣೆಗೆ ಹಾಕ್ತೀರಲ್ಲ! ಅಲ್ಲೇ ಉಣ್ಣು, ಅಲ್ಲೇ ಬಿದ್ಕೋ. ಕಾಲೇಜಿಗೆ ಹೋಗಬೌದು, ಬಸ್ಸಲ್ಲಿ ಕೂರಬೌದು, ನಮ್ಮನೆ ಹೊಸ್ತಿಲು ಮಾತ್ರ ದಾಟಂಗಿಲ್ಲ. ಅಣ್ಣನ ಫೋನೂ ಮುಟ್ಟಂಗಿಲ್ಲ. ಹೋದ ತಿಂಗಳು ಹಂಗೇ ಪಾಠ ತಪ್ಪಿ ಟೆಸ್ಟಲ್ಲಿ ಫೇಲಾದೆ. ಈಗ ನೀನು ತರೋ ಟಿವಿ ಗೋಡೆ ಮ್ಯಾಲೆ ಇರ್ತೈತೆ, ನಾನು ಶೀಟಿನ ಕೆಳಗಿರ್ತೀನಿ. ಪಾಠ ಏನು ಎದ್ದು ನಡ್ಕೊಂಡು ಬರ್ತೈತಾ? ಅದಕ್ಕೇ ಡಬ್ಬಿ. ಹಳೇ ಟಿವೀನ ಆ ಕೋಣೇಲಿ ಇಟ್ಕೊಂಡು ಡಬ್ಬಿ ಸಿಕ್ಕಿಸ್ಕೊಂತೀನಿ. ನನ್ನ ಪಾಡಿಗೆ ನಾನು ಓದ್ಕಂತೀನಿ.”

ದಾದಾಪೀರನಿಗೆ ಇದ್ದಕ್ಕಿದ್ದಂತೆ ಕೌಂಟರಿನ ಧೂಳು ಕಂಡಿತು. ಬಟ್ಟೆ ತಗೊಂಡು ಒರೆಸಲು ನಿಂತ.

“ಮೆಲ್ಲಗೆ ಮಾತಾಡೆ,” ದೊಡ್ಡೀರಪ್ಪ ಹಲ್ಲು ಕಚ್ಚಿಕೊಂಡು ಅಂದ. “ಹೊರಗೆ ಹೋದ ಡಬ್ಬಿ ಮತ್ತೆ ಒಳಗೆ ಬರಂಗಿಲ್ಲ, ಗೊತ್ತೈತಾ? ದೇವರಿರೋ ಮನೆ.”

“ನಾನು ಬರಲ್ವಾ, ತಲೆ ಮ್ಯಾಲೆ ನೀರು ಹುಯ್ಕೊಂಡು? ಅದಕ್ಕೂ ಒಂದು ಚೊಂಬು ಹುಯ್ತೀನಿ ಬಿಡು!”

ದಾದಾಪೀರ್ ಬಂದ ನಗೆಯನ್ನು ಕೆಮ್ಮಿ ನುಂಗಿಕೊಂಡ. ಒಂದಲ್ಲ, ಎರಡು ವ್ಯಾಪಾರ ಆಗುವ ದಾರಿಯೂ ಅವನಿಗೆ ಕಂಡಿತ್ತು. “ಯಜಮಾನ್ರೇ, ಜಗಳ ಯಾಕೆ? ಎರಡೂ ತಗೊಂಡು ಹೋಗಿ. ಒಳಗೆ ಹೊಸ ಟಿವಿ, ಹೊರಗೆ ಹಳೇ ಟಿವಿ, ಡಬ್ಬಿ. ಎಲ್ಲರಿಗೂ ಸಮಾಧಾನ.”

ದೊಡ್ಡೀರಪ್ಪನಿಗೆ ಹೋದ ಜೀವ ಬಂದಂತಾಯಿತು. “ಹಂಗೇ ಮಾಡ್ರಿ. ಮಗಳಿಗಿಂತ ಹೆಚ್ಚೇನ್ರಿ? ಆ ಕೋಣೆಗೆ ಒಂದು ಫ್ಯಾನೂ ಹಾಕಿಸ್ತೀನಿ. ಅಲ್ಲಿ ರಾಣಿ ಇದ್ದಂಗೆ ಇರಲಿ.”

ಸ್ವಪ್ನಳ ಕೈ ಸಡಿಲವಾಯಿತು. ಕೇಳಿದ್ದು ಸಿಕ್ಕಿತ್ತು. ಡಬ್ಬಿ ಕೌಂಟರಿನ ಮೇಲೆ ಬಂದು ಕೂತಿತು.

ಆಗ ತಿಪ್ಪೇರುದ್ರಮ್ಮ ಎದ್ದಳು. ಮದುವೆಯಾಗಿ ಬಂದಾಗಿನಿಂದ ಆ ಶೀಟಿನ ಕೋಣೆಯಲ್ಲಿ ಕೂತವಳು ಅವಳು. ಸ್ವಪ್ನ ಹುಟ್ಟಿದಾಗ, ಬಿರುಬಿಸಿಲ ದಿನಗಳಲ್ಲಿ, ಹಸಿ ಕೂಸಿನ ಮೈಮೇಲೆ ಒದ್ದೆ ಬಟ್ಟೆ ಹೊದಿಸಿಕೊಂಡು ಅಲ್ಲೇ ಇದ್ದವಳು. ಫ್ಯಾನಿನ ಸುದ್ದಿಯನ್ನು ಆಗ ಒಬ್ಬನೂ ಎತ್ತಿರಲಿಲ್ಲ. “ರಾಣಿ ಇದ್ದಂಗಾ?” ಎಂದು ಗಂಡನ ಮುಖ ನೋಡಿದಳು. ಡಬ್ಬಿಯನ್ನು ಎತ್ತಿ ದಾದಾಪೀರನ ಕಡೆಗೆ ತಳ್ಳಿದಳು.

“ಇದು ಬ್ಯಾಡ್ರಿ ಅಣ್ಣ. ಇದನ್ನ ಒಳಗಿಡ್ರಿ.”

“ಅವ್ವಾ!” ಸ್ವಪ್ನಳ ಕಣ್ಣಲ್ಲಿ ನೀರೇ ಬಂತು. “ನೀನೂ ಹಿಂಗಂತೀಯಾ?”

“ನೀನು ಸುಮ್ಕಿರು. ಅಣ್ಣಾ, ಆ ದೊಡ್ಡ ಟಿವೀನೇ ಕೊಡ್ರಿ. ಗೋಡೆಗೆ ಕೂರಿಸಿ ಕೊಡೋದು ನೀವೇ ತಾನೆ?”

“ನಾವೇ ಅಮ್ಮ. ಯಾವ ಗೋಡೆಗೆ ಕೂರಿಸ್ಬೇಕು ಹೇಳಿ.”

“ನಡುಮನೇಲಿ, ದೇವರ ಗೂಡಿನ ಪಕ್ಕ. ಅಲ್ಲಾಡದಂಗೆ ಗಟ್ಟಿಯಾಗಿ ಹೊಡೀರಿ. ನನ್ನ ಮಗಳು ತಿಂಗಳು ಪೂರ್ತಿ ಅದರ ಮುಂದೆ ಕೂತು ಓದ್ತಾಳೆ.” ಆಮೇಲೆ ಗಂಡನ ಕಡೆ ತಿರುಗಿದಳು. “ನೋಡೋಕಾಗದಿದ್ದೋರು ಆ ಶೀಟಿನ ಕೋಣೆಗೆ ಹೋಗಿ ಮಲಗಲಿ. ಹೆಂಗೂ ಫ್ಯಾನು ಹಾಕಿಸ್ತಾರಂತಲ್ಲ.”