ಮೂರು ದಿನದ ಮೂಗುತಿ

ಶಿವರತ್ನಮ್ಮನವರ ಮೂಗಿನಿಂದ ರಂಗರಾಜುವಿನ ಕಣ್ಣು ಕದಲಲಿಲ್ಲ.

ಪರದೆಯ ಮೇಲೆ ಆಫ್ರಿಕಾದ ಯಾವುದೋ ಹೊಳೆಯ ದಂಡೆಯಲ್ಲಿ ಗುಂಡುಗಳು ಹಾರುತ್ತಿದ್ದವು. ಕೊಳ್ಳೇಗಾಲದ ಟಾಕೀಸಿನ ತುಂಬ ಶಿಳ್ಳೆ. ರಂಗರಾಜು ಮಾತ್ರ ಹಿಂದಿನ ಸಾಲಿನಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡು, ಮುಂದೆ ಕೂತ ಹೆಂಗಸಿನ ಮೂಗಿನಲ್ಲಿ ಮಿನುಗುತ್ತಿದ್ದ ವಜ್ರವನ್ನೇ ನೋಡುತ್ತಿದ್ದ. ಕಂಡವರು ಕಳ್ಳನೆಂದುಕೊಳ್ಳಬೇಕು. ಆದರೆ ಅವನು ಚಿನ್ನದಂಗಡಿಯ ಯಜಮಾನ. ಆ ಮೂಗುತಿಯನ್ನು ಕೈಯಾರೆ ಕೊಟ್ಟವನು.

ಕೊಟ್ಟದ್ದು ಪರೀಕ್ಷೆಗೆ. ವಜ್ರ ಎಲ್ಲರಿಗೂ ಆಗಿಬರುವುದಿಲ್ಲವಲ್ಲ! ಮೂರು ದಿನ ಇಟ್ಟುಕೊಂಡು ನೋಡುವುದು. ಹಾಲು ಒಡೆದರೂ, ಹಸು ಕುಂಟಿದರೂ ತಪ್ಪನ್ನು ಹರಳಿನ ಮೇಲೆ ಹೊರಿಸಿ ಹಿಂದಿರುಗಿಸುವುದು. ಹತ್ತರಲ್ಲಿ ಒಂಬತ್ತು ಹಾಗೆಯೇ ಅಂಗಡಿಗೆ ವಾಪಸಾಗುತ್ತವೆ. ಪಾಸಾಯಿತೋ, ಆಮೇಲೆ ಅದೇ ಹರಳು ಬೇಕು. ಅದರ ಒಡಹುಟ್ಟಿದ ತಂಗಿಯನ್ನು ತಂದುಕೊಟ್ಟರೂ ಮುಟ್ಟುವುದಿಲ್ಲ.

ಧನಗೆರೆಯ ದೊಡ್ಡ ಜಮೀನಿನ ಶಿವರತ್ನಮ್ಮ ಮಗಳು ಸೌಮ್ಯಳ ಮದುವೆ ಒಡವೆಗೆಂದು ಬಂದವರು, "ನನಗೂ ಒಂದು ವಜ್ರದ ಮೂಗುತಿ ತೋರ್ಸಪ್ಪ. ಇಲ್ದಿದ್ರೆ ಮೈಸೂರ್ಗೆ ಓಯ್ತೀನಿ, ಮದ್ವೆ ಒಡವೇನೂ ಅಲ್ಲೇ ತಕತೀನಿ" ಎಂದಿದ್ದರು.

ಅಂಥ ಗಿರಾಕಿಯನ್ನು ಬಿಡುವುದುಂಟೇ? ಹೆಂಡತಿ ಪುಷ್ಪ ಇದ್ದಿದ್ದರೆ ಮಾತಿನಲ್ಲೇ ಕಟ್ಟಿಹಾಕುತ್ತಿದ್ದಳು. ಅವಳೋ ನೆಗಡಿಯಿಂದ ಮೂಗು ಊದಿಸಿಕೊಂಡು ಹನೂರಿನ ತವರಿಗೆ ಹೋಗಿದ್ದಳು. ರಂಗರಾಜು ಗಾಜಿನ ಪೆಟ್ಟಿಗೆಗಳನ್ನೆಲ್ಲ ತಡಕಾಡಿ, ಅಂಗಡಿಯ ಹಿಂದಿನ ಮನೆಯೊಳಗೆ ಹೋಗಿ, ನಡುವೆ ವಜ್ರ, ಕೆಳಗೆ ಸಾಸಿವೆಯಷ್ಟು ಪಚ್ಚೆ ಕೂರಿಸಿದ ಮೂಗುತಿ ತಂದುಕೊಟ್ಟ. ಅಂಥದ್ದು ಕೊಳ್ಳೇಗಾಲದಲ್ಲಿ ಇನ್ನೊಂದಿರಲಿಲ್ಲ.

ಇವತ್ತು ಮೂರನೆಯ ದಿನ. ಬೆಳಿಗ್ಗೆಯೂ ಫೋನು ಮಾಡಿದ್ದ.

"ಕೆಟ್ಟದ್ದೇನಾದ್ರೂ ಆಯ್ತಾ ಅಮ್ಮಾವ್ರೆ? ಮುಚ್ಚಿಡಬ್ಯಾಡಿ."

"ಏನೂ ಇಲ್ಲ ಕಣಪ್ಪ. ಕೆಟ್ಟು ಕೂತಿದ್ದ ಮೋಟ್ರು ನೀರು ಎತ್ತಾ ಅದೆ!"

"ಆಗಿಬರದೆ ಇದ್ರೆ ಬಲವಂತ ಇಲ್ಲ" ಎಂದಿದ್ದ ರಂಗರಾಜು.

ಮೇಲೆ ಈ ಸಿನಿಮಾ ಬೇರೆ. ತಾಯಿ ಮಗಳಿಗೆ ಟಿಕೆಟ್ಟು ಕೊಟ್ಟವನೂ ಅವನೇ. ಪೋಸ್ಟರಿನಲ್ಲಿ ಫಳಫಳಿಸುವ ವಜ್ರ. ಒಳಗೆ ಹರಳಿಗಾಗಿ ಕರುಳು ಬಗೆಯುವ ಕಥೆ. ವಜ್ರ ಕೊಟ್ಟವನು ಗಿರಾಕಿಗೆ ತೋರಿಸುವ ಸಿನಿಮಾವೇ ಇದು?

"ಮುಟ್ಟಬ್ಯಾಡ ಕಣ್ಲಾ! ಮುಟ್ದೋನ್ ಒಬ್ನೂ ಉಳ್ದಿಲ್ಲ!" ಮುಂದಿನ ಬೆಂಚಿನವನೊಬ್ಬ ಪರದೆಯ ಮೇಲಿನ ನಾಯಕನಿಗೇ ಎಚ್ಚರಿಕೆ ಕೊಟ್ಟ.

"ಒಂದು ಕಲ್ಗೆ ಇಷ್ಟೊಂದು ಎಣವಾ? ಇವ್ರು ಮನೆ ಕಟ್ಟೋ ಸೈಜುಗಲ್ಲು ಕಂಡ್ರೆ ಊರೇ ಉಳ್ಸಾಕಿಲ್ಲ!" ಎಂದ ಇನ್ನೊಬ್ಬ. ಟಾಕೀಸು ನಕ್ಕಿತು.

ಸೌಮ್ಯ ನಗಲಿಲ್ಲ. "ಅವ್ವಾ, ನಿನ್ ಮೂಗಿಂದೂ ಅಲ್ಲಿಂದ್ಲೇ ಬಂದಿದ್ರೆ?"

ಶಿವರತ್ನಮ್ಮನವರ ಕೈ ಮೂಗಿಗೆ ಹೋಯಿತು. ಬೆರಳು ತಿರುಪನ್ನು ಮುಟ್ಟಿತು. ರಂಗರಾಜು ಉಸಿರು ಬಿಗಿಹಿಡಿದ. ಬೆರಳು ಅಲ್ಲೇ ನಿಂತಿತು. ಆಮೇಲೆ ಮೂಗು ತುರಿಸಿಕೊಂಡು ಕೆಳಗಿಳಿಯಿತು. ಕರ್ಚೀಫು ಹಿಂಡಿದ್ದರೆ ರಂಗರಾಜುವಿನ ಬೆವರಿನಿಂದ ಒಂದು ಲೋಟ ತುಂಬುತ್ತಿತ್ತು.

ಇಂಟರ್‌ವೆಲ್ಲಿನಲ್ಲಿ ಅವನು ಗೇಟಿನ ಬಳಿಗೆ ಓಡಿದ. ಅಲ್ಲಿ ಯಳಂದೂರಿನ ಮಿಮಿಕ್ರಿ ಮಾದು, ಮೊಬೈಲು ಮೈಕು ಹಿಡಿದು, ತನ್ನ ಚಾನಲ್ಲಿಗೆ 'ಪಿಕ್ಚರ್ ಎಂಗದೆ?' ಎಂದು ಸಿಕ್ಕಸಿಕ್ಕವರನ್ನು ಕೇಳುತ್ತಿದ್ದ.

"ಮಾದು, ಪಿಕ್ಚರ್ ಬಿಟ್ಟಾಗ ಹಸಿರು ರೇಷ್ಮೆ ಸೀರೆ ಅಮ್ಮಾವ್ರನ್ನ ಮಾತಾಡ್ಸು. ವಜ್ರದ ವಿಷ್ಯಾನೇ ಕೇಳು. ವಿಲನ್ ದನೀಲೇ ಕೇಳು."

"ಅಡ್ವಟೇಜ್ಮೆಂಟಾ ಸಾ?" ಮಾದು ಕಣ್ಣು ಹೊಡೆದ.

"ಅಂಗೇ ಅನ್ಕೋ."

ಸಿನಿಮಾ ಮುಗಿಯುವ ಹೊತ್ತಿಗೆ ವಜ್ರ ಮುಟ್ಟಿದವರೆಲ್ಲ ಮಣ್ಣು ಸೇರಿದ್ದರು. ಜನ ಹೊರಗೆ ಬಂದರು. ಮಾದು ಶಿವರತ್ನಮ್ಮನವರ ಮುಂದೆ ಮೈಕು ಚಾಚಿ, ಗಂಟಲನ್ನು ಹೊಟ್ಟೆಯಾಳಕ್ಕೆ ಇಳಿಸಿದ.

"ಈ ಹರಳು ರಕ್ತ ಕುಡಿದೇ ಹೊಳೆಯುವುದು! ಹಹ್ಹಹ್ಹಾ!" ಥೇಟು ವಿಲನ್ನೇ. ಸುತ್ತ ಜನ ಮುತ್ತಿದರು. "ಯೋಳಿ ಅಮ್ಮಾ, ಇದ ನೋಡಿದ್ ಮೇಲೂ ವಜ್ರ ಇಟ್ಕತೀರಾ?"

ಶಿವರತ್ನಮ್ಮನವರ ಕೈ ಮತ್ತೆ ಮೂಗಿಗೆ ಹೋಯಿತು. ಗುಂಪಿನ ಹಿಂದೆ ರಂಗರಾಜು ಕಣ್ಣುಮುಚ್ಚಿ ಬೆಟ್ಟದ ದೇವರು ಮಾದಪ್ಪನಿಗೆ ಹರಕೆ ಹೊತ್ತ.

"ಕೊಂದದ್ದು ಹರಳೇನ್ಲಾ? ಮನ್ಸುರು ಕಣ್ಲಾ ಕೊಂದದ್ದು!" ಶಿವರತ್ನಮ್ಮನವರ ದನಿಗೆ ವಿಲನ್ನು ಎರಡು ಹೆಜ್ಜೆ ಹಿಂದೆ ಸರಿದ. "ಮೂರು ದಿನದಿಂದ ನಮ್ಮನೇಲಿ ಒಂದು ತೊಟ್ಟು ಹಾಲು ಒಡ್ದಿಲ್ಲ. ಈ ತಾಯಿ ನನ್ ಮೂಗ್ಗೆ ಅಂತ್ಲೇ ಉಟ್ಟವಳೆ. ಅತ್ರುಕ್ಕೆ ಇಡ್ಕಂಡು ತೋರ್ಸು, ಊರೋರೆಲ್ಲ ನೋಡ್ಲಿ!"

ಮಾದು ಮೊಬೈಲನ್ನು ಮೂಗಿನ ಹತ್ತಿರ ಹಿಡಿದ. ವಜ್ರ ಹೊಳೆಯಿತು, ಕೆಳಗಿನ ಪಚ್ಚೆಯೂ.

"ಎಲ್ಲವ್ನೆ ರಂಗರಾಜು? ಬಿಲ್ ಆಕ್ಬುಡಪ್ಪ! ಮದ್ವೆ ಒಡ್ವೇನೂ ನಿನ್ನತ್ರಾನೇ!"

ಚಪ್ಪಾಳೆ ಬಿತ್ತು. "ಯಾಪಾರ ಕುದುರ್ತಲ್ಲ ಸಾ!" ಎಂದು ಯಾರೋ ಬೆನ್ನು ತಟ್ಟಿದರು. ರಂಗರಾಜು ಗೋಡೆಗೆ ಒರಗಿ ಕುಸಿದು ಕೂತ.

"ಇದು ಲೈವಾ, ಮಾದು?" ಎಂದು ಮೆಲ್ಲಗೆ ಕೇಳಿದ.

"ಇನ್ನೇನ್ ಸಾ? ಹನೂರು ಕಡೆಯೋರೇ ಜಾಸ್ತಿ ನೋಡ್ತಾವ್ರೆ!"

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಪುಷ್ಪ.

"ರೀ, ನೆಗಡಿ ವಾಸಿಯಾಯ್ತು, ಬಸ್ ಅತ್ತಿವ್ನಿ, ಆಯಮ್ಮ ಆಕಂಡಿರೋ ನನ್ ಮೂಗುತೀನ ನಾ ಬರೋದ್ರೊಳ್ಗೆ ನೀವೇ ಬಿಚ್ಚುಸ್ತೀರೋ, ಇಲ್ಲಾ ನಾನೇ ಬಂದು ಬಿಚ್ಚುಸ್ಲೋ?"