ಕವೆಯ ಸದ್ದು ನಿಂತ ಮೇಲೆ

“ಕಿವುಡೂ ಇಲ್ಲ, ಗಿವುಡೂ ಇಲ್ಲ! ನನ್ನ ಮಾತು ಬಿಟ್ಟು ಊರಿನ ಮಾತೆಲ್ಲ ಕೇಳಿಸತ್ತೆ ಇವರಿಗೆ!”

ಕಾರ್ಖಾನೆ ಡಾಕ್ಟರ ಕೋಣೆಯಲ್ಲೇ ಹೆಂಡತಿ ಗಂಡನ ಮೇಲೆ ಹರಿಹಾಯ್ದಳು. ಅವನು ಬಾಯ್ಲರ್ ಶೆಡ್ಡಿನಲ್ಲಿ ಸುತ್ತಿಗೆ ಬೀಸುವವನು. ಮನೆಯಲ್ಲಿ ಹೇಗಿರುತ್ತಾನೆಂದು ಕೇಳಲು ಡಾಕ್ಟರೇ ಅವಳನ್ನು ಕರೆಸಿದ್ದರು.

ಮೊನ್ನೆ ಕ್ರೇನಿನವನು ಕೂಗಿದರೂ ಗಂಡ, ಮೇಲೆ ತೂಗಾಡುತ್ತಿದ್ದ ತೊಲೆಯ ಕೆಳಗೇ ನಿಂತಿದ್ದ; ಕೇಳಿಸಲಿಲ್ಲವಂತೆ. ಕೂದಲೆಳೆಯಲ್ಲಿ ತಲೆ ಉಳಿಯಿತು. ಕಿವಿ ಕೆಟ್ಟಿದೆಯೆಂದು ಡಾಕ್ಟರು ಹೇಳಿದರೆ ಉಗ್ರಾಣದ ಕೆಲಸ. ಇಲ್ಲದಿದ್ದರೆ ಮತ್ತೆ ಅದೇ ಶೆಡ್ಡು, ಅದೇ ತೊಲೆ, ಮೈಗಳ್ಳನೆಂಬ ಹೆಸರು ಬೇರೆ.

“ಗೊಣಗಬೇಡಮ್ಮ! ನನ್ನ ಮುಖ ನೋಡಿ ಮಾತಾಡು!” ಡಾಕ್ಟರು ಗುಡುಗಿದರು.

ಕಿರುಚಿದವಳಿಗೆ ಗೊಣಗಬೇಡ ಅಂತೆ! ದೊಡ್ಡವರ ಕುಚೋದ್ಯವೆಂದುಕೊಂಡಳು. ಶೆಡ್ಡಿನ ಗೋಡೆಗೆ ಅಂಟಿದ ಆ ಕೋಣೆಯಲ್ಲೇ ಡಾಕ್ಟರ ತಲೆ ನರೆತಿತ್ತು. ಪಕ್ಕದ ಬಡಿತಕ್ಕೆ ಮೇಜಿನ ಮೇಲಿನ ಲೋಟ ನಡುಗುತ್ತಿತ್ತು.

ಡಾಕ್ಟರು, ಬಡಿದರೆ ಗುಂಯ್ಯೆನ್ನುವ ಎರಡು ಕವಲಿನ ಉಕ್ಕಿನ ಕವೆಯೊಂದನ್ನು ತಮ್ಮ ಮಂಡಿಗೆ ಬಡಿದು, ಅದರ ಬುಡವನ್ನು ಗಂಡನ ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. “ಸದ್ದು ನಿಂತ ಕೂಡಲೇ ಕೈಯೆತ್ತು. ಆಮೇಲೆ ನಾನಿಟ್ಕೋತೀನಿ. ನನಗಿನ್ನೂ ಕೇಳಿಸಿದ್ರೆ ನಿನ್ನ ಕಿವಿ ಕೆಟ್ಟಿದೆ. ನನಗೂ ನಿಂತಿದ್ರೆ ನಿನ್ನದು ನಾಟಕ.”

ಗಂಡ ಬೇಗನೆ ಕೈಯೆತ್ತಿದ. ಡಾಕ್ಟರು ಕವೆಯನ್ನು ತಮ್ಮ ಎಲುಬಿಗೆ ಒತ್ತಿಕೊಂಡು ನಕ್ಕರು.

“ನನಗೂ ನಿಂತಿದೆ. ಶೆಡ್ಡಿನಿಂದ ಎಷ್ಟು ಜನ ಬಂದ್ರು! ಒಬ್ಬನ ಕಿವೀನೂ ಕೆಟ್ಟಿಲ್ಲ. ಎಲ್ಲಾ ನನ್ನ ಹಾಗೇ ಗಟ್ಟಿ!”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗಂಡನ ಮುಖಕ್ಕೆ ಮುಖ ಕೊಟ್ಟಳು. “ಥೂ, ಎಂಥಾ ಸುಳ್ಳುಬುರುಕರ್ರೀ ನೀವು! ನಿಮ್ಮ ಜೊತೆ ಬಾಳೋದೂ ಒಂದೇ, ಗೋಡೆ ಜೊತೆ ಬಾಳೋದೂ ಒಂದೇ!”

ಅವನು ಅವಳ ತುಟಿಗಳನ್ನೇ ನೋಡಿದ. ಎದ್ದ. ಬುತ್ತಿಚೀಲವನ್ನೂ ಎತ್ತಿಕೊಳ್ಳದೆ ಹೊರಟ.

“ನೋಡಿದ್ರಾ? ಬೈದಿದ್ದು ಮಾತ್ರ ಕೇಳಿಸ್ತು!” ಎಂದಳು.

“ಅನುಮಾನ ಇದ್ರೆ ನೀನೇ ನೋಡ್ಕೋ.” ಡಾಕ್ಟರು ಕವೆಯನ್ನು ಮತ್ತೆ ಬಡಿದು ತಮ್ಮ ಎಲುಬಿಗೆ ಒತ್ತಿಕೊಂಡರು. “ಹಾಂ, ನಿಂತಿತು. ಈಗ ಯಾರಿಗೂ ಕೇಳಿಸಲ್ಲ,” ಎನ್ನುತ್ತ ಅವಳ ಕಿವಿಯ ಹಿಂದಿಟ್ಟು, ಕೈ ತೊಳೆಯಲು ಎದ್ದರು.

ಕವೆಯನ್ನು ಹಿಡಿದುಕೊಂಡೇ ಕುಳಿತ ಅವಳ ಬುರುಡೆಯೊಳಗೆ ಜೇನುಗೂಡು ಕದಡಿದ ಹಾಗೆ ಅದರ ಸದ್ದು ಇನ್ನೂ ಗುಂಯ್‌ಗುಡುತ್ತಿತ್ತು.

ಕವೆ ಬಿಸಾಕಿ ಹೊಸ್ತಿಲಿಗೆ ಓಡಿದಳು. “ರೀ! ನಿಲ್ರೀ!” ಗಂಟಲು ಹರಿಯುವಂತೆ ಕೂಗಿದಳು.

ಗೇಟು ದಾಟುತ್ತಿದ್ದ ಗಂಡ ತಿರುಗಲಿಲ್ಲ. ಅವಳ ಬೆನ್ನ ಹಿಂದೆಯೇ ಕೈ ತೊಳೆಯುತ್ತಿದ್ದ ಡಾಕ್ಟರೂ ತಿರುಗಲಿಲ್ಲ.